ಡಿಪೋದ ಸೊಪ್ಪಿನ ಪಾತಿ

ಬಸ್ ಡಿಪೋದ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಸೊಪ್ಪಕ್ಕ ಎಂದೇ ಕರೆಯುತ್ತಿದ್ದರು. ಯಾರಾದರೂ ಅಪ್ಪಿತಪ್ಪಿ ನಿಜವಾದ ಹೆಸರು ಹಿಡಿದು ಕೂಗಿದರೆ, ಬೇರೆ ಯಾರನ್ನೋ ಕರೆದರೆಂದು ಆಕೆಯೇ ಹಿಂದೆ ತಿರುಗಿ ನೋಡುತ್ತಿದ್ದಳು.

ಕ್ಯಾಂಟೀನಿನ ಹಿಂದೆ, ಬಸ್ಸು ತೊಳೆಯುವ ಜಾಗಕ್ಕೂ ಕಾಂಪೌಂಡು ಗೋಡೆಗೂ ನಡುವೆ ಒಂದು ತುಂಡು ನೆಲವಿತ್ತು. ಸವೆದ ಟೈರು, ಮುರಿದ ಸೀಟು ಬಿಸಾಡುವ ಜಾಗ. ಡೀಸೆಲ್ ಕುಡಿದು ಕುಡಿದು ಮಣ್ಣು ಕಲ್ಲಾಗಿತ್ತು. ಗಂಡ ತೀರಿಕೊಂಡ ಮೇಲೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಧ್ಯಾಹ್ನದ ಪಾತ್ರೆ ತೊಳೆದಾದ ನಂತರ ಮನಸ್ಸನ್ನು ಎಲ್ಲಿಡುವುದೆಂದು ತಿಳಿಯದೆ ಆಕೆ ಆ ನೆಲವನ್ನು ಕೆದಕತೊಡಗಿದಳು. ಮೇಲಿನ ಕರಿ ಪದರವನ್ನು ಕೆತ್ತಿ ಹೊರಗೆ ಎಸೆದಳು. ತರಕಾರಿ ಸಿಪ್ಪೆ, ಚಹಾದ ಚರಟ, ಬೂದಿ, ಹಾಲಿನವನ ಕೊಟ್ಟಿಗೆಯಿಂದ ಹೊತ್ತು ತಂದ ಗೊಬ್ಬರ, ಎಲ್ಲವನ್ನೂ ಆ ನೆಲಕ್ಕೆ ಉಣಿಸಿದಳು. ಮೊದಲ ಸಲ ಬಿತ್ತಿದ ಪಾಲಕ್ ಮೊಳಕೆಯಲ್ಲೇ ಸುಟ್ಟುಹೋಯಿತು. ಎರಡನೆಯ ಸಲದ್ದೂ ಅಷ್ಟೇ. ಆಕೆ ಬಿಡಲಿಲ್ಲ. ಕಡೆಗೊಂದು ದಿನ ಬೆರಳು ಚುಚ್ಚಿದರೆ ಗೇಣುದ್ದ ಇಳಿಯುವಂಥ ಮಣ್ಣಾಯಿತು. ಆಮೇಲೆ ಪಾಲಕ್, ಮೆಂತ್ಯ, ದಂಟು ಒಂದರ ಹಿಂದೆ ಒಂದು ಎದ್ದು ನಿಂತವು. ಕ್ಯಾಂಟೀನಿನ ನೀರು ಸಾರು ತಿಂದು ನಾಲಿಗೆ ಸತ್ತುಹೋಗಿದ್ದ ಡ್ರೈವರುಗಳಿಗೆ ಜೀವ ಬಂದಂತಾಯಿತು.

ಟೈರ್ ಮೇಸ್ತ್ರಿ ಅವಳಿಗೆ ತಮ್ಮನಂತಾದದ್ದೂ ಆ ಸೊಪ್ಪಿನಿಂದಲೇ. ಅವನ ಹೆಂಡತಿ ರಕ್ತ ಕಡಿಮೆಯಾಗಿ ಆಸ್ಪತ್ರೆ ಸೇರಿದ್ದಾಗ ಸೊಪ್ಪಕ್ಕ ಬೆಳಗಿನ ಎಳೆ ಸೊಪ್ಪು ಕೊಯ್ದು, ಬೇಯಿಸಿ, ಡಬ್ಬಿಗೆ ಹಾಕಿ ತಾನೇ ಒಯ್ಯುತ್ತಿದ್ದಳು. ಆ ಹೆಂಗಸು ಗೋಡೆ ಹಿಡಿಯದೆ ನಡೆಯುವಂತಾದ ದಿನ ಮೇಸ್ತ್ರಿ ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಏನೋ ಹೇಳಲು ಹೋಗಿ “ಅಕ್ಕ” ಎಂದಷ್ಟೇ ಅಂದ. ಅವತ್ತಿನಿಂದ ಅವಳು ಅಕ್ಕ, ಅವನು ತಮ್ಮ. ಅವಳಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಅವನು ಗ್ರೀಸ್ ಡಬ್ಬಿಯಲ್ಲಿ ಬಾದಾಮಿ ಸಸಿಯೊಂದನ್ನು ಹಿಡಿದು ಬಂದ. ಬೆಳಗಿನ ಪಾಳಿ ಮುಗಿಸಿದ ಡ್ರೈವರುಗಳು ಮಧ್ಯಾಹ್ನ ಕಾದ ಬಸ್ಸಿನೊಳಗೆ ಒದ್ದೆ ಟವೆಲ್ ಹೊದ್ದು ಮಲಗುತ್ತಿದ್ದ ಕಾಲ ಅದು. ಇಡೀ ಡಿಪೋದಲ್ಲಿ ಗುಣಿ ತೋಡಿದರೆ ಗುದ್ದಲಿ ಇಳಿಯುವ ಜಾಗವೆಂದರೆ ಅಕ್ಕನ ಪಾತಿ ಮಾತ್ರ. ಅಲ್ಲೇ ನೆಡುತ್ತೇನೆ ಎಂದ.

ಸೊಪ್ಪಕ್ಕ ಹಿಂದೆ ಮುಂದೆ ನೋಡಿದಳು. ಸೊಪ್ಪಿಗೆ ಬಿಸಿಲು ಬೇಕು. ನೆರಳು ಬಿದ್ದರೆ ದಂಟು ಉದ್ದುದ್ದ ಎಳೆದುಕೊಂಡು, ಎಲೆ ಬಿಳಚಿಕೊಳ್ಳುತ್ತದೆ. ಮೇಸ್ತ್ರಿ ಅದಕ್ಕೂ ಉತ್ತರ ತಂದಿದ್ದ. ಮರ ಪಡುವಣದ ಅಂಚಿಗೆ ಬಂದರೆ ಬೆಳಗಿನ ಬಿಸಿಲು ಪೂರ್ತಿ ಸೊಪ್ಪಿಗೇ ಸಿಗುತ್ತದೆ, ಮಧ್ಯಾಹ್ನದ ಸುಡು ಬಿಸಿಲು ಮಾತ್ರ ತಪ್ಪುತ್ತದೆ. ಕೊಂಬೆ ಪಾತಿಯ ಕಡೆ ಚಾಚಿದರೆ ತಾನೇ ಹತ್ತಿ ಸವರುತ್ತೇನೆ. ಹೇಗೂ ದಿನಾ ಸೊಪ್ಪಿಗೆ ನೀರು ಹಾಕುತ್ತೀಯಲ್ಲ, ಇದಕ್ಕೂ ಒಂದು ಚೊಂಬು ಹಾಕು ಎಂದ. ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಡ್ರೈವರೊಬ್ಬ, “ಅಕ್ಕಂದು ಹೊಟ್ಟೆ ಇಲಾಖೆ, ಮೇಸ್ತ್ರೀದು ನೆತ್ತಿ ಇಲಾಖೆ. ಎರಡೂ ನಮಗೇ ತಾನೇ?” ಎಂದು ನಕ್ಕ. ಅವಳೂ ನಕ್ಕು ಒಪ್ಪಿದಳು.

ಎರಡನ್ನೂ ಒಟ್ಟಿಗೆ ಸಾಕುವಾಗ ಅವುಗಳ ಗುಣ ಎಷ್ಟು ಬೇರೆ ಎಂಬುದು ಅವಳಿಗೆ ದಿನದಿನಕ್ಕೂ ತಿಳಿಯುತ್ತ ಹೋಯಿತು. ಸೊಪ್ಪು ಕೈಗೂಸಿನ ಹಾಗೆ. ಬೆಳಿಗ್ಗೆ ನೀರು ತಪ್ಪಿದರೆ ಸಂಜೆಗೆ ಮುಖ ಬಾಡಿಸಿಕೊಳ್ಳುತ್ತದೆ. ಕಳೆ ಕೀಳಬೇಕು, ಹುಳ ಆರಿಸಬೇಕು, ಕೊಯ್ದ ಜಾಗಕ್ಕೆ ಮತ್ತೆ ಗೊಬ್ಬರ ಕೊಡಬೇಕು. ಆದರೆ ಬಿತ್ತಿದ ತಿಂಗಳಿಗೆಲ್ಲ ತಟ್ಟೆಗೆ ಬಂದುಬಿಡುತ್ತದೆ. ಸಸಿಯದು ಹಾಗಲ್ಲ. ನೀರು ಕುಡಿದು ಸುಮ್ಮನೆ ನಿಂತಿರುತ್ತದೆ, ಏನು ಮಾಡುತ್ತಿದೆ ಎಂದು ಗೊತ್ತೇ ಆಗುವುದಿಲ್ಲ. ಮೊದಲ ಬೇಸಿಗೆಗಳಲ್ಲಿ ಬುಡಕ್ಕೆ ಒಣ ಎಲೆ ಹೊದಿಸಿ, ಆಡು ಬಾಯಿ ಹಾಕದಂತೆ ಹಳೆಯ ಟೈರಿನ ಬೇಲಿ ಕಟ್ಟಿ ಕಾಯ್ದವಳು ಅವಳೇ. ಮೇಸ್ತ್ರಿ ಆಗಾಗ ಬಂದು ತಲೆ ಎತ್ತಿ ನೋಡಿ, “ನಮ್ಮ ಮರ ಹೇಗಿದೆ ಅಕ್ಕ?” ಎಂದು ಕೇಳಿ ಹೋಗುತ್ತಿದ್ದ.

ಮರ ಅಂತಸ್ತು ಅಂತಸ್ತಾಗಿ ಕೊಂಬೆ ಬಿಟ್ಟು ಕೊಡೆಯಂತೆ ಹರಡಿತು. ಕೊಟ್ಟ ಮಾತಿನಂತೆ ಕೆಲವು ವರ್ಷ ಅವನೇ ಹತ್ತಿ ಸವರಿದ. ಫೋರ್‌ಮನ್ ಆದ ಮೇಲೆ ಹತ್ತುವುದು ನಿಂತಿತು. ನಾಳೆ, ನಾಡಿದ್ದು ಎನ್ನತೊಡಗಿದ. ಸೊಪ್ಪಕ್ಕ ಅದನ್ನು ದೊಡ್ಡದು ಮಾಡಲಿಲ್ಲ. ನೆರಳು ಮುಂದೆ ಬಂದಷ್ಟು ಪಾಲಕ್ಕನ್ನು ಮೂಡಣಕ್ಕೆ ಸರಿಸಿ, ನೆರಳಿನಲ್ಲಿ ಪುದೀನ ಹಾಕಿದಳು. ಉದುರಿದ ಕೆಂಪು ಎಲೆಗಳನ್ನು ಗುಡಿಸಿ ಗುಂಡಿಯಲ್ಲಿ ಕೊಳೆಸಿ ಮತ್ತೆ ಮಣ್ಣಿಗೇ ಸೇರಿಸಿದಳು. ಮರದ ಕೆಳಗೆ ಡ್ರೈವರುಗಳು ಗೊರಕೆ ಹೊಡೆಯುವುದು ಒಲೆಯ ಮುಂದಿನವರೆಗೂ ಕೇಳಿಸುತ್ತಿತ್ತು. ಅದು ಅವಳಿಗೆ ಇಷ್ಟವಾಗಿತ್ತು.

ಮದುವೆಯಾಗಿ ಹೋಗಿದ್ದ ಮಗಳಿಗೆ ಹೆರಿಗೆ ಹತ್ತಿರ ಬಂತು. ಬೇರೆ ಊರು, ಹೋದರೆ ಕೆಲವು ವಾರ ಇರಬೇಕು. ಸೊಪ್ಪು ಒಣಗಿಹೋಗುತ್ತದಲ್ಲ ಎಂದು ಅವಳು ಒದ್ದಾಡುತ್ತಿರುವಾಗ ಫೋರ್‌ಮನ್ ತಾನಾಗಿ ಬಂದು ಹೇಳಿದ. “ನೆಮ್ಮದಿಯಾಗಿ ಹೋಗಿ ಬಾ ಅಕ್ಕ. ಪಾತಿ ನಾನು ನೋಡ್ಕೋತೀನಿ.” ರಜೆ ಬೇಗ ಸಿಗಲೆಂದು ಮೇಲಿನವರ ಹತ್ತಿರ ತಾನೇ ಮಾತಾಡಿದ. ಬಸ್ಸಿನವರೆಗೆ ಅವಳ ಚೀಲ ಹೊತ್ತು ತಂದು, ಕಿಟಕಿಯ ಪಕ್ಕ ಕೂರಿಸಿ ಕಳಿಸಿದ.

ಮೊಮ್ಮಗಳ ಮುಖ ನೋಡಿದ ಖುಷಿಯಲ್ಲಿ ವಾಪಸು ಬಂದವಳು ನೇರ ಹಿತ್ತಲಿಗೆ ನಡೆದಳು. ಪಾತಿ ಇರಲಿಲ್ಲ. ಗೋಡೆಯಿಂದ ಗೋಡೆಗೆ ಸಿಮೆಂಟು ಬಳಿದಿದ್ದರು. ಮರದ ಸುತ್ತ ದುಂಡನೆಯ ಕಟ್ಟೆ, ಆಚೀಚೆ ಕಬ್ಬಿಣದ ಬೆಂಚುಗಳು, ಕಾಂಡದ ಮೇಲೊಂದು ಹಿತ್ತಾಳೆಯ ಫಲಕ. ಈ ಮರವನ್ನು ನೆಟ್ಟು ಬೆಳೆಸಿದವರು ಎಂದು ಬರೆದು, ಕೆಳಗೆ ಫೋರ್‌ಮನ್ ಒಬ್ಬನದೇ ಹೆಸರು.

ಅವಳಿಗೆ ಮೊದಲು ಅನ್ನಿಸಿದ್ದು, ಮೇಲಿನವರು ಬಲವಂತ ಮಾಡಿರಬೇಕು, ಪಾಪ ತಮ್ಮ ಎಷ್ಟು ನೊಂದುಕೊಂಡನೋ ಎಂದು. ಆ ಯೋಚನೆ ಮಧ್ಯಾಹ್ನದವರೆಗೆ ಮಾತ್ರ ಉಳಿಯಿತು. ಊಟಕ್ಕೆ ಬಂದ ಡಿಪೋ ಮ್ಯಾನೇಜರು ತಟ್ಟೆ ಹಿಡಿದು ಅವಳ ಮುಂದೆ ನಿಂತು, ಮನಸ್ಸು ತುಂಬಿ ಹೇಳಿದರು.

“ನಿಮ್ಮದು ದೊಡ್ಡ ಮನಸ್ಸಮ್ಮ. ನಾನು ನೀವು ಬರೋವರೆಗೂ ಕಾಯೋಣ ಅಂದೆ. ಫೋರ್‌ಮನ್ನೇ ಬೇಡ ಅಂದ್ರು. ಅಕ್ಕ ಪಾತೀನ ಸಂತೋಷವಾಗಿ ಬಿಟ್ಟುಕೊಟ್ಟಿದ್ದಾರೆ, ಕಣ್ಣಾರೆ ನೋಡೋಕಾಗಲ್ಲ, ನಾನು ಊರಲ್ಲಿ ಇಲ್ಲದಾಗ ಮುಗಿಸಿಬಿಡಿ ಅಂತ ಅವರೇ ಹೇಳಿದ್ದಾರೆ ಅಂದ್ರು.”

ಸೌಟು ಅವಳ ಕೈಯಲ್ಲೇ ಇತ್ತು. ಅವರ ತಟ್ಟೆಗೆ ಬಡಿಸಿದಳು. ಹಿಂದಿನವನಿಗೂ ಬಡಿಸಿದಳು. ಸಾಲು ಮುಗಿದ ಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಟೈರ್ ಶೆಡ್ಡಿಗೆ ಹೋದಳು.

ಫೋರ್‌ಮನ್ ಅವಳನ್ನು ಕಂಡೊಡನೆ ಎದ್ದು ನಿಂತ. ಕೇಳುವ ಮೊದಲೇ ಉತ್ತರ ಶುರುಮಾಡಿದ: ತನಗೆ ನಿವೃತ್ತಿ ಹತ್ತಿರ ಬಂತು, ಇಷ್ಟು ವರ್ಷ ಟೈರು ಬಿಚ್ಚಿ ಹಾಕಿದ್ದಕ್ಕೆ ಒಂದು ಗುರುತು ಬೇಡವೇ, ಕೆಲಸಗಾರರಿಗೂ ಅನುಕೂಲ.

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲೋ.”

“ಕೇಳಿದ್ರೆ ನೀನು ಒಪ್ತಿರಲಿಲ್ಲ ಅಕ್ಕ.”

“ಒಪ್ತಿದ್ದೆ ಕಣೋ. ಮೂಡಣದ ಕಡೆ ಎರಡು ಮೊಳ ಬಿಡು ಅಂತಿದ್ದೆ, ಅಷ್ಟೇ.”

ಅವನು ತಲೆ ತಗ್ಗಿಸಿ ಸ್ಪ್ಯಾನರ್ ಹಿಡಿದ ಕೈಯನ್ನು ಬಟ್ಟೆಗೆ ತಿಕ್ಕಿದ. “ಸೊಪ್ಪು ಎಲ್ಲಾದ್ರೂ ಬರುತ್ತೆ. ಒಂದು ತಿಂಗಳ ಬೆಳೆ. ಮರ ಹಾಗಲ್ಲ.”

“ಸೊಪ್ಪು ಒಂದು ತಿಂಗಳದ್ದು. ಆ ಮಣ್ಣು ನಿನ್ನ ಮರಕ್ಕಿಂತ ಹಳೇದು. ಅದನ್ನ ಎಲ್ಲಿಂದ ತರಲಿ?”

ಅವಳಿಗೆ ಸುಟ್ಟದ್ದು ಮಣ್ಣು ಹೋದದ್ದಷ್ಟೇ ಅಲ್ಲ. ಅವಳು ಆಡದ ಮಾತನ್ನು ಅವನು ಅವಳ ಬಾಯಿಗೆ ತುರುಕಿದ್ದ. ಅದೂ ಎಂಥ ಮಾತು! ಅವಳನ್ನು ಹತ್ತಿರದಿಂದ ಬಲ್ಲವನಿಗೆ ಮಾತ್ರ ಹೊಳೆಯುವಂಥದ್ದು. ಯಾರಿಗಾದರೂ ನಂಬಿಕೆ ಬರುವಷ್ಟು ಅವಳದೇ ಧಾಟಿಯಲ್ಲಿತ್ತು.

ಆ ಬೇಸಿಗೆ ಅವಳು ಮನಸ್ಸಿನಲ್ಲೇ ಮರಕ್ಕೆ ಕೇಡು ಬಯಸಿದಳು. ಸಿಮೆಂಟು ಕಾಂಡದವರೆಗೂ ಬಳಿದಿದ್ದಾರೆ, ನೀರಿಲ್ಲ, ಉಸಿರಿಲ್ಲ, ಒಣಗಿದರೆ ಒಣಗಲಿ ಎಂದುಕೊಂಡಳು. ಅಂದುಕೊಂಡದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟಳು. ಮರವೇನೂ ಒಣಗಲಿಲ್ಲ. ಬೇರು ಎಂದೋ ಪಾತಿಯ ಅಡಿಗೆ ಹರಿದಿತ್ತು. ಅವಳು ವರ್ಷಗಟ್ಟಲೆ ಉಣಿಸಿದ್ದನ್ನು ಉಂಡು, ಹಿಂದೆಂದಿಗಿಂತ ದಟ್ಟವಾಗಿ ಚಿಗುರಿತು. ಅದಕ್ಕೆ ಈಗ ಯಾರ ಕೈಯ ನೀರೂ ಬೇಕಿರಲಿಲ್ಲ.

ಕ್ಯಾಂಟೀನಿಗೆ ಪೇಟೆಯ ಸೊಪ್ಪು ಬರತೊಡಗಿತು. ಬಾಡಿ, ದಾರ ಕಟ್ಟಿದ ಕಡೆ ಕೊಳೆತಿರುತ್ತಿತ್ತು. ಮನೆಯ ಮುಂದೆ ಕುಂಡದಲ್ಲಾದರೂ ಹಾಕು ಎಂದು ಡ್ರೈವರುಗಳು ಹೇಳಿನೋಡಿದರು. ಅವಳು ಹಾಕಲಿಲ್ಲ. ಮತ್ತೊಂದು ನೆಲವನ್ನು ನಂಬುವಷ್ಟು ತ್ರಾಣ ಉಳಿದಿರಲಿಲ್ಲ.

ಫೋರ್‌ಮನ್ ಊಟಕ್ಕೆ ಬರುವುದನ್ನು ಬಿಡಲಿಲ್ಲ, ಅವಳು ಬಡಿಸುವುದನ್ನೂ ಬಿಡಲಿಲ್ಲ. ಎಲ್ಲರಿಗೆ ಹಾಕಿದಷ್ಟೇ ಹಾಕುತ್ತಿದ್ದಳು. ಮೊದಲಾದರೆ ತಟ್ಟೆಯ ಅಂಚಿಗೆ ಇನ್ನೊಂದು ಸೌಟು ಬೀಳುತ್ತಿತ್ತು. ಅವನು ಒಂದು ಕ್ಷಣ ತಟ್ಟೆ ಹಿಡಿದುಕೊಂಡೇ ನಿಲ್ಲುತ್ತಿದ್ದ, ಆಮೇಲೆ ಮುಂದೆ ಸರಿಯುತ್ತಿದ್ದ.

ನಿವೃತ್ತಿಯ ದಿನ ಕಟ್ಟೆಯ ಮೇಲೆ ಹಾರ, ಭಾಷಣ, ಫೋಟೋ ಎಲ್ಲ ಆಯಿತು. ಅಡುಗೆ ಅವಳದೇ. ಎಲ್ಲರೂ ಚದುರಿದ ಮೇಲೆ ಅವನು ಹಾರವನ್ನು ಕೈಯಲ್ಲಿ ಸುತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ.

“ಅಕ್ಕ, ಹೋಗಿ ಬರ್ತೀನಿ.”

ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ಎದ್ದು ನಿಂತಳು, ಅಧಿಕಾರಿಗಳು ಬಂದರೆ ನಿಲ್ಲುವ ಹಾಗೆ.

“ಆಗಲಿ ಸಾರ್. ಹೋಗಿ ಬನ್ನಿ.”

ಅವನ ಕಣ್ಣು ತುಂಬಿದ್ದು ಅವಳಿಗೆ ಕಾಣಿಸಿತು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಅವಳು ಅತ್ತ ತಿರುಗಿದಳು.