ಕುರಿಗಂಟೆ ಕಟ್ಟಿದ ವಾರ

ನನಗೆ ಒಂದು ಕಡೆ ನಿಂತು ಗೊತ್ತಿಲ್ಲ. ಗೋಕಾಕದಿಂದ ಕಲ್ಲೋಳಿ ದಾಟಿ ನಾನು ಕಲಿಸುವ ಸಾಲೆಯ ಊರಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕರೂ, ಊರು ಎರಡು ಸ್ಟಾಪ್ ದೂರವಿರುವಾಗಲೇ ಎದ್ದು ಬಾಗಿಲಿಗೆ ಬಂದು ನಿಲ್ಲುವವಳು ನಾನು. ಅಂಥವಳ ಕೈಗೆ ಆ ವರ್ಷ ಮೂರನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಬಂದಳು. ಬೆಳಕು ಯಾವುದು, ಕತ್ತಲೆ ಯಾವುದು ಎಂಬುದಷ್ಟೇ ಅವಳ ಕಣ್ಣಿಗೆ ತಿಳಿಯುತ್ತಿತ್ತು.

ಆಟದ ಬಯಲಿನ ಒಂದು ಮೂಲೆಯಲ್ಲಿ ಗೋಡೆ ಬಿದ್ದಿತ್ತು. ಆಚೆಗೆ ರಸ್ತೆ. ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಆಟಕ್ಕೆ ಬಿಟ್ಟ ಹೊತ್ತಿನಲ್ಲಿ ಅವಳು ಕಣ್ಣಿಗೆ ಬೀಳದಿದ್ದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತಿತ್ತು. ಕೈಲಿದ್ದ ಚಹಾ ಅಲ್ಲೇ ಬಿಟ್ಟು ಓಡುತ್ತಿದ್ದೆ.

ಕಡೆಗೆ ನಾನೊಂದು ಜಾಣತನ ಮಾಡಿದೆ. ಅವಳ ಪಕ್ಕ ಕೂರುವ ಹುಡುಗಿಯ ಮನೆಯವರು ಕುರಿ ಕಾಯುವವರು. ಹಿಂಡು ಬಿಟ್ಟು ಹೋಗುವ ಚಾಳಿಯ ಕುರಿಗೆ ಅವರು ಗಂಟೆ ಕಟ್ಟುತ್ತಾರೆ. ಅಂಥದೊಂದು ಗಂಟೆ ತರಿಸಿ ಈ ಹುಡುಗಿಯ ಸೊಂಟಕ್ಕೆ ಕಟ್ಟಿದೆ. ಅವಳು ಏನೂ ಅನ್ನಲಿಲ್ಲ. ಏನೂ ಅನ್ನದ್ದನ್ನು ನಾನು ಒಪ್ಪಿಗೆ ಅಂದುಕೊಂಡೆ.

ಮೂರು ದಿನ ಕೂತು ಚಹಾ ಕುಡಿದೆ. ಗಂಟೆ ಕೇಳಿದ ಕೂಡಲೇ ಮಕ್ಕಳು "ಸರೀರಲೇ, ಗಂಟಿ ಬಂತು" ಎಂದು ದಾರಿ ಬಿಡುತ್ತಿದ್ದರು. ಎಷ್ಟು ಒಳ್ಳೆಯ ಮಕ್ಕಳು ಎಂದು ಹಿಗ್ಗಿದೆ. ದಾರಿ ಬಿಡುತ್ತಾ ಬಿಡುತ್ತಾ ಅವಳ ಸುತ್ತ ಯಾರೂ ಉಳಿಯಲಿಲ್ಲ ಎಂಬುದು ನನ್ನ ಎರಡೂ ಒಳ್ಳೆಯ ಕಣ್ಣಿಗೆ ಬೀಳಲಿಲ್ಲ.

ನಾಲ್ಕನೆಯ ದಿನ ಅವಳು ಬರಲಿಲ್ಲ. ಮರುದಿನವೂ ಇಲ್ಲ. ಸಂಜೆ ಅವಳ ಮನೆಗೆ ಹೋದೆ. ಅವಳ ಅವ್ವ ಹೊಲದ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು.

"ಇನ್ನ ಸಾಲಿಗೇ ಹೋಗಂಗಿಲ್ಲ ಅಂತ ಕುಂತಾಳ್ರಿ ಅಕ್ಕಾರ. ನೀವ ಕೇಳ್ರಿ," ಎಂದಳು.

ಹುಡುಗಿ ಒಳಗಿನಿಂದ ಗಂಟೆ ತಂದು ನನ್ನ ಕೈ ತಡವಿ ಅದರಲ್ಲಿಟ್ಟಳು. "ನಾ ಎಲ್ಲದೇನಿ ಅಂತ ನನಗ ಗೊತ್ತೈತ್ರಿ ಅಕ್ಕಾರ. ಅವರೆಲ್ಲಾ ಎಲ್ಲದಾರ ಅನ್ನೂದು ಗೊತ್ತಾಗಂಗಿಲ್ಲ," ಎಂದಳು.

ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಆ ಗಂಟೆ ನನ್ನ ಚೀಲದೊಳಗೆ ದಾರಿಯುದ್ದಕ್ಕೂ ಸದ್ದು ಮಾಡಿತು.

ಮರುದಿನ ಅವಳ ಮಾತನ್ನು ಇದ್ದಂತೆಯೇ ತರಗತಿಯಲ್ಲಿ ಹೇಳಿದೆ. ಮುಂದೇನು ಮಾಡಬೇಕೆಂದು ನನಗೂ ತಿಳಿದಿರಲಿಲ್ಲ. ಕುರಿಯವರ ಹುಡುಗಿ ಎದ್ದು ನಿಂತು, "ಹಂಗಾರ ಗಂಟಿ ನಾವ ಕಟ್ಕೋತೇವ್ರಿ," ಎಂದಳು. ಅದರ ಮರುದಿನ ಅಪ್ಪನನ್ನು ಕಾಡಿ ಏಳೆಂಟು ಗಂಟೆ ತಂದಳು. ತಾನೇ ಹೋಗಿ ಗೆಳತಿಯನ್ನೂ ಕರೆತಂದಳು.

ಮುಟ್ಟಾಟ ಶುರುವಾಯಿತು. ಗಂಟೆ ಕಟ್ಟಿಕೊಂಡವರು ಓಡಬೇಕು, ಅವಳು ಹಿಡಿಯಬೇಕು. ನಾನು ಬಿದ್ದ ಗೋಡೆಯ ಹತ್ತಿರ ಕಾವಲು ನಿಂತೆ. ಅವಳು ಒಂದು ಸಲ ಮುಗ್ಗರಿಸಿ ಬಿದ್ದಳು. ಓಡಲು ಹೋದೆ. ಅಷ್ಟರಲ್ಲಿ ಎದ್ದು ಮೊಣಕಾಲು ಒರೆಸಿಕೊಂಡು ಒಬ್ಬನ ಅಂಗಿ ಹಿಡಿದಳು. ಅವನು ತಾನು ಸೋತಿಲ್ಲವೆಂದು ಜಗಳಕ್ಕೆ ನಿಂತ. ಅವಳ ಜೊತೆ ಯಾರಾದರೂ ಜಗಳಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು, ನೋಡಿ ಕಣ್ಣು ತುಂಬಿತು.

"ಅಕ್ಕಾರ ಎಲ್ಲದಾರ?" ಎಂದು ಅವಳು ಕೇಳಿದಳು. "ಅವರಿಗೂ ಒಂದ ಕಟ್ಟ್ರಿ."

ಮಕ್ಕಳು ಬಂದು ನನ್ನ ಸೀರೆಯ ಸೆರಗಿಗೆ ಗಂಟೆ ಕಟ್ಟಿದರು. ಆಟ ಮತ್ತೆ ನಡೆಯಿತು. ನಾನು ನಿಂತೇ ಇದ್ದೇನೆ ಅಂದುಕೊಂಡಿದ್ದೆ. ಗಂಟೆ ಮಾತ್ರ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಅವಳು ಎಲ್ಲರನ್ನೂ ಬಿಟ್ಟು ನೆಟ್ಟಗೆ ನನ್ನ ಕಡೆ ಬಂದು ಕೈ ಹಿಡಿದಳು. "ಇಷ್ಟ್ಯಾಕ ಅಂಜ್ತೀರಿ ಅಕ್ಕಾರ," ಎಂದಳು. "ನಾ ಇಲ್ಲೇ ಅದೇನಿ ಅಲ್ರಿ."