ಮಾರ್ಚ್ ಮೂರಕ್ಕೆ ಎತ್ತಿಡಬೇಕಾದ ಗೊಂಬೆಗಳು

ಶ್ಯಾವಿಗೆ ಪಾಯಸವನ್ನು ಸದ್ದು ಮಾಡಿ ತಿನ್ನಬೇಕೋ ಸದ್ದಿಲ್ಲದೆ ತಿನ್ನಬೇಕೋ ಎನ್ನುವುದು ಈ ವಯಸ್ಸಿನಲ್ಲೂ ನನಗೆ ಇತ್ಯರ್ಥವಾಗಿಲ್ಲ. ನಾಲ್ಕು ಜನರ ಜೊತೆ ಪಂಕ್ತಿಯಲ್ಲಿ ಕೂತರೆ ಮೊದಲ ಗುಟುಕಿಗೇ ತಡವರಿಸುತ್ತೇನೆ. ಪಕ್ಕದವರು ಹಲ್ಲುನೋವೇ ಎಂದು ಕೇಳುತ್ತಾರೆ. ಹಲ್ಲಿನದೇನೂ ತಕರಾರಿಲ್ಲ, ತಕರಾರೆಲ್ಲ ನನ್ನನ್ನು ಬೆಳೆಸಿದ ಎರಡು ಮನೆಗಳದು. ಕೆಳಗಿನ ಮನೆಯಲ್ಲಿ ಸೊರ್ ಎಂದು ಎಳೆದರೆ ಅವ್ವ ಸೌಟಿನಲ್ಲೇ ಮೊಟಕುತ್ತಿದ್ದಳು. ಮೇಲಿನ ಮನೆಯಲ್ಲಿ ಶ್ಯಾವಿಗೆಯಂಥದನ್ನೇ ಬಿಸಿ ಸಾರಿನಲ್ಲಿ ಹಾಕಿಕೊಟ್ಟು, ನಾನು ಸದ್ದಿಲ್ಲದೆ ತಿಂದರೆ ‘ರುಚಿ ಇಲ್ವಾ?’ ಎಂದು ಹರುಕಮ್ಮ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಎರಡು ಮನೆಗಳ ನಡುವೆ ಇದ್ದದ್ದು ಹದಿನೇಳು ಮೆಟ್ಟಿಲು. ಅವನ್ನು ಹತ್ತಿ ಇಳಿದೇ ನನ್ನ ತಲೆ ಹೀಗಾದದ್ದು.

ಹರುಕಮ್ಮ ಎಂದ ಕೂಡಲೇ ನಮ್ಮ ಕಡೆಯವರೆಂದು ತಿಳಿಯಬೇಡಿ. ಅವರು ಹರುಕೋ, ಜಪಾನಿನವರು. ಹೆಂಗಸರನ್ನು ಬರೀ ಹೆಸರು ಹಿಡಿದು ಕರೆಯಬಾರದೆಂದು ಅವ್ವನೇ ಬಾಲಕ್ಕೊಂದು ಅಮ್ಮ ಸೇರಿಸಿದಳು. ಅವರ ಯಜಮಾನರು ಬಿಳಿಗೂಡು ಕಟ್ಟುವ ರೇಷ್ಮೆಹುಳು ಸಾಕುವುದನ್ನು ನಮ್ಮ ರೈತರಿಗೆ ಹೇಳಿಕೊಡಲು ಬಂದವರು. ದಿನಬೆಳಗಾದರೆ ಜೀಪು ಹತ್ತಿ ಪಾಂಡವಪುರ, ನಾಗಮಂಗಲದ ಹಳ್ಳಿಗಳಿಗೆ ಹೋಗಿಬಿಡುತ್ತಿದ್ದರು. ರೈತರ ಬಾಯಲ್ಲಿ ಅವರು ‘ಜಪಾನ್ ಸಾರು’. ತೊಂಬತ್ತರ ದಶಕದ ಶುರುವಿನಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಗಂಜಾಂನ ನಮ್ಮ ಮನೆಯ ಮಹಡಿಗೆ ಎರಡು ವರ್ಷದ ಮಟ್ಟಿಗೆ ಎಂದು ಬಂದವರು ಏಳು ವರ್ಷ ಇದ್ದರು.

ಬಂದ ಮೊದಲ ದಿನವೇ ಗೊಂದಲ. ಹರುಕಮ್ಮ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ, ಅದರ ಮೂತಿಯನ್ನು ಬೀದಿಯ ಕಡೆಗೆ ತಿರುಗಿಸಿಟ್ಟು ಒಳಗೆ ಬಂದರು. ‘ಕಾಫಿ ಕುಡ್ಯಕ್ಕೂ ಮುಂಚೆನೇ ಒಂಡಕ್ಕೆ ರೆಡಿ ಮಾಡ್ಕತ್ತಾವ್ರಲ್ಲೇ!’ ಎಂದು ಅವ್ವ ನನ್ನ ಕಿವಿಯಲ್ಲಿ ಉಸುರಿದಳು. ಹೊರಟಾಗ ಅವರು ಸೊಂಟದ ತನಕ ಬಗ್ಗಿದರು. ಅವ್ವ ಕೈಮುಗಿದಳು. ಅವರು ಇನ್ನಷ್ಟು ಬಗ್ಗಿದರು. ದೊಡ್ಡವರು ಅಷ್ಟು ಬಗ್ಗಿದಾಗ ತಾನು ನೆಟ್ಟಗೆ ನಿಂತಿರುವುದು ಹೇಗೆಂದು ಅವ್ವನೂ ಬಗ್ಗಿದಳು. ಯಾರು ಮೊದಲು ಏಳಬೇಕೆಂದು ಇಬ್ಬರಿಗೂ ತಿಳಿಯದೆ, ಕೊನೆಗೆ ಒಲೆಯ ಮೇಲಿನ ಹಾಲು ಉಕ್ಕಿ ಅವರನ್ನು ಬಿಡಿಸಬೇಕಾಯಿತು. ತಿಂಗಳೊಪ್ಪತ್ತಿನಲ್ಲಿ ನಮ್ಮ ಮನೆಯ ಚಪ್ಪಲಿಗಳೂ ಬೀದಿಗೆ ಮುಖಮಾಡಿ ಕೂರತೊಡಗಿದವು. ಹೈಸ್ಕೂಲು ಮೇಷ್ಟರಾಗಿದ್ದ ಅಪ್ಪ ಮಾತ್ರ, ‘ಬಂದ ನೆಂಟ್ರು ಇದ್ನ ನೋಡಿ ಎದ್ದೋಗಿ ಅಂತಾವ್ರೆ ಅನ್ಕಂಡಾರು’ ಎಂದು ಗೊಣಗುತ್ತಿದ್ದರು.

ಎಲ್ಲವೂ ಬೇರೆಯಾಗಿದ್ದಿದ್ದರೆ ಒಂದು ರೀತಿ ಸುಲಭವಿತ್ತು. ಮೇಲೆ ಹೋದಾಗ ಜಪಾನು, ಕೆಳಗೆ ಬಂದಾಗ ಗಂಜಾಂ ಎಂದುಕೊಂಡು ಇರಬಹುದಿತ್ತು. ಆದರೆ ಅರ್ಧಕ್ಕರ್ಧ ಒಂದೇ ಇರುತ್ತಿತ್ತು. ಹುಳುಮನೆಗೆ ಕೈಕಾಲು ತೊಳೆಯದೆ ಹೋಗಬಾರದೆಂದು ಜಪಾನ್ ಸಾರು ದೊಡ್ಡ ವಿಜ್ಞಾನದ ಹಾಗೆ ಹೇಳಿಕೊಡುತ್ತಿದ್ದರು. ಅಕ್ಕಿಹೆಬ್ಬಾಳಿನ ನನ್ನ ಅಜ್ಜಿ ಅದನ್ನೇ, ‘ಕಾಲ್ ತೊಳೀದೆ ಬಂದ್ರೆ ಉಳ ಮುನಿಸ್ಕತ್ತವೆ ಕಣವ್ವ’ ಎಂದು ಹೇಳುತ್ತಿದ್ದಳು. ಅನ್ನದ ಬಟ್ಟಲಿನಲ್ಲಿ ಊಟದ ಕಡ್ಡಿ ನೆಟ್ಟಗೆ ಚುಚ್ಚಿದ್ದಕ್ಕೆ ಒಮ್ಮೆ ಹರುಕಮ್ಮ ನನ್ನ ಕೈಮೇಲೆ ಪಟ್ಟೆಂದು ಹೊಡೆದರು. ಹಾಗೆ ಚುಚ್ಚುವುದು ಸತ್ತವರ ಅನ್ನಕ್ಕಂತೆ. ಕೆಳಗೆ ಬಂದು ಹೇಳಿದರೆ ಅವ್ವನೂ ಇನ್ನೊಂದು ಕೊಟ್ಟಳು. ಯಾವ ದೇಶದ ಏಟು ಯಾವುದೆಂದು ನನಗೆ ಗೊತ್ತಾಗಲಿಲ್ಲ.

ಇನ್ನು ಗೊಂಬೆಗಳ ವಿಷಯಕ್ಕೆ ಬರುತ್ತೇನೆ. ಅವ್ವನ ತವರಿನಲ್ಲಿ ದಸರೆಗೆ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಮದುವೆಯಾಗಿ ಗಂಜಾಂಗೆ ಬಂದ ಮೇಲೆ ಎದುರು ಮನೆಯವರನ್ನು ನೋಡಿ ಕಲಿತದ್ದು. ಎರವಲು ತಂದವರಿಗೇ ಶ್ರದ್ಧೆ ಜಾಸ್ತಿ ನೋಡಿ, ಎದುರು ಮನೆಯವರು ಐದು ಮೆಟ್ಟಿಲು ಕಟ್ಟಿದರೆ ಅವ್ವ ಏಳು ಕಟ್ಟುತ್ತಿದ್ದಳು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿ, ಕೆಳಗೆ ಶೆಟ್ಟಿ, ಶೆಟ್ಟಮ್ಮ, ಅವರ ಅಕ್ಕಿ ಬೇಳೆ ಅಂಗಡಿ. ಮೊದಲ ದಸರೆಗೆ ಇದನ್ನು ನೋಡಿದ ಹರುಕಮ್ಮ ಅಲ್ಲೇ ಚಾಪೆಯ ಮೇಲೆ ಮಂಡಿಯೂರಿ ಕೂತು ಕಣ್ಣೊರೆಸಿಕೊಂಡರು. ಅವರ ದೇಶದಲ್ಲೂ ಇದೇ ಉಂಟಂತೆ. ಮಾರ್ಚಿ ಮೂರನೇ ತಾರೀಕು ಹೆಣ್ಣುಮಕ್ಕಳ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲ ಮೇಲೆ ರಾಜ, ರಾಣಿ, ಪರಿವಾರ, ಮುಂದೆ ಬಣ್ಣಬಣ್ಣದ ಪುರಿ. ‘ಪಾಪ, ಅವ್ರಿಗೆ ದಸರಾ ಲೇಟಾಗ್ ಬತ್ತದೆ’ ಎಂದು ಅವ್ವ ತೀರ್ಮಾನ ಕೊಟ್ಟಳು. ಮುಂದಿನ ಮಾರ್ಚಿಗೆ ಮಹಡಿಯಲ್ಲಿ ಕೆಂಪು ಬಟ್ಟೆ ಹಾಸಿದಾಗ ಕಡಲೆಕಾಳು ಉಸಲಿ, ಅರಿಶಿನ ಕುಂಕುಮ ಹಿಡಿದು ಮೆಟ್ಟಿಲು ಹತ್ತಿದವಳು ಅವಳೇ.

ನಾನು ಪಿಯುಸಿಗೆ ಸೇರಿದ ವರ್ಷ ಹರುಕಮ್ಮ ಊರಿಗೆ ಹೋಗಿ ಬರುವಾಗ ನನಗೆಂದೇ ಒಂದು ಜೋಡಿ ತಂದರು. ಗೇಣುದ್ದದ ರಾಜ, ರಾಣಿ. ರಾಣಿಗೆ ಹನ್ನೆರಡು ಪದರದ ರೇಷ್ಮೆ. ಮಾರ್ಚಿಯಲ್ಲಿ ಹಬ್ಬ ಆಯಿತು, ಪುರಿ ತಿಂದೆವು, ಅವ್ವ ಗೊಂಬೆಗಳನ್ನು ತಂದು ನಡುಮನೆಯ ಶೋಕೇಸಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಳು. ಕೊಟ್ಟ ಉಡುಗೊರೆಯನ್ನು ಪೆಟ್ಟಿಗೆಗೆ ತುಂಬಿದರೆ ಕೊಟ್ಟವರ ಮರ್ಯಾದೆ ಏನಾಗಬೇಕು? ಮದುವೆಯಲ್ಲಿ ಮೂರು ಗೋಡೆ ಗಡಿಯಾರ ಬಂದರೆ ಮೂರನ್ನೂ ಒಂದೇ ಗೋಡೆಗೆ ತಗುಲಿಹಾಕುವ ಜನ ನಾವು, ಅವು ಮೂರು ಹೊತ್ತು ತೋರಿಸಿದರೂ ಚಿಂತೆಯಿಲ್ಲ. ಹರುಕಮ್ಮ ಬಂದಾಗಲೆಲ್ಲ ಶೋಕೇಸು ನೋಡುತ್ತಿದ್ದರು. ಹಲ್ಲಿನ ಸಂದಿಯಿಂದ ‘ಸ್ಸ್...’ ಎಂದು ಉಸಿರು ಎಳೆದುಕೊಳ್ಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಜ್ವರ ಬಂದ ಮಗುವನ್ನು ನೋಡುವಂತೆ ನೋಡುತ್ತಿದ್ದರು. ‘ನೋಡೆ, ಅವ್ರ್ ಗೊಂಬೆ ಮಡಗಿದ್ಕೆ ಎಷ್ಟ್ ಕುಸಿ ಪಡ್ತಾವ್ರೆ!’ ಎನ್ನುತ್ತಿದ್ದಳು ಅವ್ವ. ಆ ಖುಷಿಗಾಗಿ ಗಾಜನ್ನು ಎರಡು ದಿನಕ್ಕೊಮ್ಮೆ ಒರೆಸುತ್ತಿದ್ದಳು.

ಹೀಗೆ ಏಳು ತಿಂಗಳು ನಡೆಯಿತು. ದಸರೆಯ ಹೊತ್ತಿಗೆ ಹರುಕಮ್ಮನಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಇಳಿದು ಬಂದು, ನಡುಮನೆಯಲ್ಲಿ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿದರು. ಅವ್ವ ಗಾಬರಿಯಿಂದ ಯಾರಿಗೆ ಏನಾಯಿತೋ ಎಂದು ತಾನೂ ಕೂತಳು.

‘ಅಕ್ಕ, ತಪ್ಪಾಯ್ತು. ಹಬ್ಬ ಆದ ಕೂಡ್ಲೇ ಗೊಂಬೆ ಒಳಗೆ ಇಡಬೇಕು. ಹೊರಗೆ ಇದ್ರೆ ಮಗಳ ಮದುವೆ ಒಂದು ವರ್ಷ ತಡ ಆಗುತ್ತೆ. ನಿಮ್ಮನೆಗೆ ಬಂದು ಹಿಂಗೆ ಮಾಡಿ, ಹಂಗೆ ಮಾಡಿ ಅಂತ ಹೆಂಗೆ ಹೇಳ್ಲಿ?’

‘ಅಯ್ಯೋ ನನ್ನವ್ವಾ! ಏಳ್ ತಿಂಗ್ಳು! ದಿನಾ ಒರೆಸೊರೆಸಿ ಮಡಗಿದ್ನಲ್ಲಮ್ಮೋ!’ ಎಂದು ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಎತ್ತಿಡಲು ಹೇಳಿದರೆ ಕೊಟ್ಟವರ ಸಭ್ಯತೆಗೆ ಕುಂದು, ಎತ್ತಿಟ್ಟರೆ ತೆಗೆದುಕೊಂಡವರ ಸಭ್ಯತೆಗೆ ಕುಂದು. ಎರಡು ಕಡೆಯ ಒಳ್ಳೆಯತನದ ನಡುವೆ ನನ್ನ ಮದುವೆ ಹಾಗೆ ಹಿಂದೆ ಬಿದ್ದಿತ್ತು. ಹದಿನಾರು ವರ್ಷದ ನನಗೆ ಸಮಾಧಾನವೇ ಆಯಿತು. ಅವ್ವ ಮಾತ್ರ ನನ್ನನ್ನು ಎಳೆದುಕೊಂಡು ನಿಮಿಷಾಂಬ ದೇವಸ್ಥಾನಕ್ಕೆ ಓಡಿದಳು. ಅರ್ಚಕರು ಎಲ್ಲವನ್ನೂ ಕೇಳಿ, ನಕ್ಷತ್ರ ಕೇಳಿ, ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡಿದರು. ‘ಜಪಾನಿನ ದೋಷಕ್ಕೆ ನಮ್ಮಲ್ಲಿ ಪರಿಹಾರ ಹೇಳಿಲ್ಲವಲ್ಲಮ್ಮ. ಒಂದು ಕುಂಕುಮಾರ್ಚನೆ ಮಾಡಿಸಿ. ತಾಯಿಗೆ ಎಲ್ಲ ದೇಶವೂ ಒಂದೇ’ ಎಂದರು.

ಅಲ್ಲಿಂದಾಚೆಗೆ ಮಾರ್ಚ್ ಮೂರು ನಮ್ಮ ಮನೆಯಲ್ಲಿ ರಾಹುಕಾಲಕ್ಕಿಂತ ಗಟ್ಟಿಯಾಯಿತು. ಬೆಳಿಗ್ಗೆ ಗೊಂಬೆ ಕೂರಿಸಿ, ಪುರಿ ಇಟ್ಟು, ಮಧ್ಯಾಹ್ನದಿಂದಲೇ ‘ಎತ್ತಿಡೆ, ಒತ್ತು ಮುಳುಗ್ತಾ ಐತೆ’ ಎಂದು ಶುರು. ಹಳೇ ಪೇಪರಿನಲ್ಲಿ ಸುತ್ತಿ, ಕರ್ಪೂರ ಹಾಕಿ, ಟ್ರಂಕಿಗೆ ಇಟ್ಟ ಮೇಲೇ ಅವಳು ದೀಪ ಹಚ್ಚುತ್ತಿದ್ದದ್ದು. ನನಗೆ ಇದರಲ್ಲಿ ನಂಬಿಕೆ ಇತ್ತೇ ಎಂದು ಕೇಳಿದರೆ ಏನು ಹೇಳಲಿ. ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಓದುತ್ತಿದ್ದವಳು. ಕಪ್ಪೆಯ ಹೊಟ್ಟೆ ಕೊಯ್ದು ಎಲ್ಲಿ ಏನಿದೆ ಎಂದು ತೋರಿಸುತ್ತಿದ್ದವಳು. ಆದರೆ ಪರೀಕ್ಷೆಗೆ ಹೊರಟಾಗ ಬೆಕ್ಕು ಅಡ್ಡ ಬಂದರೆ ಬೆಕ್ಕಿನ ವೈಜ್ಞಾನಿಕ ಹೆಸರು ಹೇಳಿಕೊಂಡು ಎರಡು ನಿಮಿಷ ನಿಂತೇ ಹೋಗುತ್ತಿದ್ದೆ. ಒಮ್ಮೆ ಹರುಕಮ್ಮನನ್ನೇ ಕೇಳಿದೆ, ಇದೆಲ್ಲ ನಿಜವೇ ಎಂದು. ಅವರು ಟೀ ಬಗ್ಗಿಸುತ್ತಾ, ‘ನಮ್ಮವ್ವ ಒಂದು ವರ್ಷವೂ ಮರೀಲಿಲ್ಲ. ಟೈಮಿಗೆ ಸರಿಯಾಗಿ ಎತ್ತಿಟ್ಲು. ಇಪ್ಪತ್ತಕ್ಕೇ ನನ್ನ ಮದುವೆ ಆಗೋಯ್ತು’ ಎಂದರು. ಅದು ಸಂತೋಷದ ಮಾತೋ ಬೇಸರದ್ದೋ ನನಗೆ ತಿಳಿಯಲಿಲ್ಲ.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಫೆಬ್ರವರಿಯಲ್ಲಿ ಕೆ.ಆರ್. ಪೇಟೆಯಿಂದ ಹೆಣ್ಣು ನೋಡಲು ಬಂದರು. ನನಗೋ ಮೈಸೂರಿನಲ್ಲಿ ರೇಷ್ಮೆ ವಿಷಯದಲ್ಲೇ ಎಂ.ಎಸ್ಸಿ. ಮಾಡುವ ಹುಚ್ಚು. ಜಪಾನ್ ಸಾರಿನ ಜೀಪಿನಲ್ಲಿ ಹಳ್ಳಿ ಸುತ್ತಿ, ಹುಳು ಸೊಪ್ಪು ಮೇಯುವ ಸದ್ದು ಕೇಳಿ ಕೇಳಿ ಹತ್ತಿದ್ದು ಅದು. ಅಪ್ಪನಿಗೆ ಹೇಳಿದ್ದೆ. ಅವರು ‘ನೋಡಾನ’ ಎಂದಿದ್ದರು. ನಮ್ಮ ಮನೆಯಲ್ಲಿ ನೋಡಾನ ಎಂದರೆ ಇಲ್ಲ ಎಂದೇ ಅರ್ಥ. ಬಂದವರು ವೈಶಾಖದಲ್ಲೇ ಮದುವೆ ಆಗಬೇಕು, ಓದಿದ್ದು ಸಾಕು ಎಂದರು. ಅಂದರೆ ಈ ಸಂಬಂಧ ಕುದುರಿದರೆ ಎಂ.ಎಸ್ಸಿ. ಇಲ್ಲ, ಅಷ್ಟೇ.

ಹುಡುಗ ಕೆಟ್ಟವನಾಗಿದ್ದರೆ ನನ್ನ ಕಷ್ಟ ಅರ್ಧ ಇಳಿಯುತ್ತಿತ್ತು. ಅವನು ಬಾಗಿಲಲ್ಲಿ ನಮ್ಮ ಚಪ್ಪಲಿಗಳು ಬೀದಿಗೆ ಮುಖಮಾಡಿ ಕೂತಿರುವುದನ್ನು ನೋಡಿದ. ಬಗ್ಗಿ, ತನ್ನವನ್ನೂ ಹಾಗೇ ತಿರುಗಿಸಿಟ್ಟು ಒಳಗೆ ಬಂದ. ಕಿಟಕಿಯಿಂದ ನೋಡುತ್ತಿದ್ದ ನನಗೆ ಅಯ್ಯೋ ಅನ್ನಿಸಿತು. ಬೇಡ ಎನ್ನಲು ಸಿದ್ಧಳಾಗಿ ಕೂತವಳಿಗೆ ಹೀಗೆ ಮಾಡಬಾರದು.

ಭಾನುವಾರ ಮಾತು ಮುಗಿಸಲು ಬರುತ್ತಾರೆ ಎಂದಾಯಿತು. ಅದರ ಹಿಂದಿನ ಶುಕ್ರವಾರವೇ ಮಾರ್ಚ್ ಮೂರು. ಅವ್ವ ಹೂ ತರಲು ಹೋಗುತ್ತಾ, ‘ಗೊಂಬೆ ಎತ್ತಿಡವ್ವ, ಈ ವರ್ಸ ಮಾತ್ರ ಮರೀಬ್ಯಾಡ’ ಎಂದಳು. ಪೇಪರು ಹರಡಿ ಕೂತೆ. ರಾಜನನ್ನು ಸುತ್ತಿ ಪಕ್ಕಕ್ಕಿಟ್ಟೆ. ರಾಣಿಯನ್ನು ಎತ್ತಿಕೊಂಡವಳಿಗೆ ಕೈ ಬರಲಿಲ್ಲ. ಒಳಗಿಟ್ಟರೆ ವೈಶಾಖ, ಹೊರಗಿಟ್ಟರೆ ಮೈಸೂರು. ನನಗೆ ಯಾವುದು ಬೇಕು? ಮೈಸೂರು ಬೇಕು. ಆದರೆ ಆ ಚಪ್ಪಲಿ? ಅರ್ಧ ಗಂಟೆ ಹಾಗೇ ಕೂತು, ವಿಜ್ಞಾನದ ವಿದ್ಯಾರ್ಥಿನಿ ಮಾಡಬಾರದ ಕೆಲಸ ಮಾಡಿದೆ. ರಾಜ ಒಬ್ಬನನ್ನೇ ಟ್ರಂಕಿಗೆ ಹಾಕಿ, ರಾಣಿಯನ್ನು ಪ್ರಾಣಿಶಾಸ್ತ್ರದ ದಪ್ಪ ಪುಸ್ತಕದ ಹಿಂದೆ ಬಚ್ಚಿಟ್ಟೆ. ಅರ್ಧ ಮದುವೆಯಾಗುತ್ತದೋ, ಅವನಿಗೆ ಆಗಿ ನನಗೆ ಆಗುವುದಿಲ್ಲವೋ, ಜಪಾನಿನಲ್ಲೂ ಇದಕ್ಕೆ ಉತ್ತರವಿದ್ದಂತೆ ಕಾಣೆ.

ಭಾನುವಾರ ಸೀರೆ ಉಟ್ಟು, ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದೆ. ಶೋಕೇಸಿನ ನಡುವೆ ರಾಜ ರಾಣಿ ಇಬ್ಬರೂ ಜೋಡಿಯಾಗಿ ಕೂತಿದ್ದರು. ಗಾಜು ಹೊಸದಾಗಿ ಒರೆಸಿತ್ತು. ಅವ್ವ ನನ್ನ ಕಡೆ ನೋಡಲಿಲ್ಲ.

ಹುಡುಗನ ತಾಯಿ ವೈಶಾಖದ ಮುಹೂರ್ತ ಎತ್ತಿದರು. ಅವ್ವ ಸೆರಗು ಸರಿಮಾಡಿಕೊಂಡಳು.

‘ಬೇಜಾರ್ ಮಾಡ್ಕಬ್ಯಾಡಿ ಕಣಕ್ಕ. ಈ ವರ್ಸ ಮದ್ವೆ ಮಾಡಂಗಿಲ್ಲ. ಗೊಂಬೆ ಮೂರನೇ ತಾರೀಕು ದಾಟಿ ಒರಗೇ ಉಳ್ಕಬುಟ್ಟವೆ.’

‘ಇದ್ಯಾವ್ ಶಾಸ್ತ್ರ? ನಮ್ ಕಡೆ ಇಲ್ವಲ್ಲ!’

‘ನಮ್ಮನೇಲಿ ಐತೆ.’

ಅಪ್ಪ ಕಾಫಿ ಲೋಟ ಎತ್ತಿಕೊಂಡರು. ಹುಡುಗನ ತಾಯಿ ಗೊಂಬೆಗಳನ್ನು ನೋಡಿ, ಕೆನ್ನೆಗೊಮ್ಮೆ ಬಡಿದುಕೊಂಡು, ‘ಅಂಗಾರೆ ಬುಡಿ, ದೇವ್ರ್ ಇಸ್ಯ’ ಎಂದರು. ಅವತ್ತು ನನಗೆ ಒಂದು ಮಾತು ತಿಳಿಯಿತು. ಹುಡುಗಿ ಓದುತ್ತೇನೆ ಎಂದರೆ ಹತ್ತು ಜನ ಬುದ್ಧಿ ಹೇಳುತ್ತಾರೆ. ಮದುವೆ ಬೇಡ ಎಂದು ಗೊಂಬೆ ಹೇಳಿದರೆ ಆ ಹತ್ತು ಜನವೂ ಕೈಮುಗಿಯುತ್ತಾರೆ. ಅದೇ ವೈಶಾಖದಲ್ಲಿ ಆ ಹುಡುಗನಿಗೆ ನಾಗಮಂಗಲದ ಕಡೆಯ ಹುಡುಗಿಯೊಡನೆ ಮದುವೆಯಾದಾಗ ನನಗೆ ಎರಡು ದಿನ ಊಟ ಸೇರಲಿಲ್ಲ. ಬೇಡವಾಗಿದ್ದಕ್ಕೂ ಹೀಗೆ ಹೊಟ್ಟೆ ಉರಿಯುವುದೇಕೆಂದು ಇಂದಿಗೂ ಅರ್ಥವಾಗಿಲ್ಲ. ಆದರೆ ಅದು ಆಮೇಲಿನ ಮಾತು.

ಆ ಭಾನುವಾರ ನೆಂಟರು ಹೋದ ಮೇಲೆ ಹರುಕಮ್ಮ ಇಳಿದು ಬಂದರು. ಶೋಕೇಸು ನೋಡಿದರು. ಈ ಸಲ ಉಸಿರು ಎಳೆದುಕೊಳ್ಳಲಿಲ್ಲ. ಅವ್ವನಿಗೆ ಸೊಂಟದ ತನಕ ಬಗ್ಗಿ ಮೇಲೆ ಹೋದರು. ನಾನು ಅಡುಗೆಮನೆಗೆ ಹೋಗಿ, ಕಾಫಿ ಲೋಟ ತೊಳೆಯುತ್ತಿದ್ದ ಅವ್ವನ ಹಿಂದೆ ನಿಂತೆ. ಅವ್ವ ತಿರುಗದೆಯೇ ಕೇಳಿದಳು.

‘ಆ ಮೈಸೂರಿನ್ ಓದು ಎಷ್ಟ್ ವರ್ಸದ್ದೇ?’

‘ಎರಡು.’

ಅವಳು ಲೋಟ ಕವುಚಿಟ್ಟಳು.

‘ಅಂಗಾದ್ರೆ ಮುಂದಿನ ಮಾರ್ಚ್‌ಗೂ ಎತ್ತಿಡದು ಮರ್ತ್‌ಬುಡಾನ ಬುಡು.’