ಪೈಪಿನ ಎರಡು ತುದಿ

ಬೀದಿಯವರಿಗೆಲ್ಲ ಅವನು ಗನ್ನಣ್ಣ. ಹೆಸರು ಕೇಳಿ, ಹೊಸದಾಗಿ ಬಾಡಿಗೆಗೆ ಬಂದವರು ಮೊದಮೊದಲು ಅವನ ಮನೆಯ ಮುಂದೆ ಸ್ವಲ್ಪ ಬೇಗ ಬೇಗ ನಡೆಯುತ್ತಿದ್ದರು. ಎದುರಂಗಡಿಯ ಹೊಸ ಟೈಲರ್ ಅಂತೂ ಅವನ ಪ್ಯಾಂಟನ್ನು ಹೇಳಿದ ದಿನಕ್ಕೇ ಹೊಲಿದುಕೊಟ್ಟಿದ್ದ. ಆ ವೃತ್ತಿಯಲ್ಲಿ ಯಾರೂ ಮಾಡದ ಕೆಲಸ ಅದು. ನಿಧಾನವಾಗಿ ತಿಳಿಯಿತು: ಗನ್ನಣ್ಣ ಹಿಡಿಯುವ ಗನ್ನಿನಿಂದ ಹಾರುವುದು ಗುಂಡಲ್ಲ, ಸಿಮೆಂಟು. ಅವನು ಗುರಿಯಿಡುವುದು ಗೋಡೆಗೆ. ಆ ಗೋಡೆಯೂ ಹೊಡೆದಷ್ಟು ದಪ್ಪಗಾಗುತ್ತದೆಯೇ ಹೊರತು ಬೀಳುವುದಿಲ್ಲ. ಮುಂದಿನ ಪ್ಯಾಂಟು ಎಲ್ಲರ ಪ್ಯಾಂಟಿನ ಹಾಗೆ ತಡವಾಗಿಯೇ ಬಂತು.

ಅವನ ಕೆಲಸ ಇಷ್ಟೇ. ಕಾರ್ಖಾನೆಯ ಕುಲುಮೆಗೆ ಹೊರಗೆ ಉಕ್ಕಿನ ತಗಡು, ಒಳಗೆ ಬೆಂಕಿ. ನಡುವೆ ತಡೆಯುವವರಿಲ್ಲದಿದ್ದರೆ ತಗಡು ಬೆಂಕಿಯ ಪಕ್ಷ ಸೇರಿ ಕೆಂಪಾಗಿ ಕರಗಿಹೋಗುತ್ತದೆ. ಅದಕ್ಕೇ ಒಳಮೈಗೆ ಬೆಂಕಿ ತಾಳುವ ಸಿಮೆಂಟಿನ ದಪ್ಪ ಅಂಗಿ ತೊಡಿಸಬೇಕು. ಕರಣೆ ಹಿಡಿದು ಮೆತ್ತುತ್ತಾ ಕೂತರೆ ವರ್ಷ ಕಳೆಯುತ್ತದೆ. ಹಾಗಾಗಿ ಒಣ ಪುಡಿಯನ್ನು ಮೆಷಿನಿನ ತೊಟ್ಟಿಗೆ ಸುರಿದು, ಕಂಪ್ರೆಸರಿನ ಗಾಳಿಯಲ್ಲಿ ಉದ್ದನೆಯ ಪೈಪಿನೊಳಗೆ ಓಡಿಸಿ, ತುದಿಯ ನಾಝಲ್ಲಿನಿಂದ ಗೋಡೆಗೆ ಹೊಡೆಯುತ್ತಾರೆ. ಪುಡಿಗೆ ನೀರು ಸೇರುವುದು ಆ ತುದಿಯಲ್ಲಿ ಮಾತ್ರ. ಎಷ್ಟು ನೀರು ಎನ್ನುವುದು ನಾಝಲ್ ಹಿಡಿದವನ ಹೆಬ್ಬೆರಳಿನ ಕೆಳಗಿರುವ ಸಣ್ಣ ವಾಲ್ವಿನ ವಿಚಾರ. ನೀರು ಕಡಿಮೆಯಾದರೆ ಪುಡಿ ಗೋಡೆಗೆ ಅಂಟದೆ ಪುಟಿದು ಕಾಲ ಬಳಿ ಗುಡ್ಡೆಯಾಗುತ್ತದೆ. ಹೆಚ್ಚಾದರೆ ಹೊಟ್ಟೆ ಬಂದವರ ಪಂಚೆಯಂತೆ ಇಡೀ ಪದರ ಜಾರುತ್ತದೆ. ಸರಿಯಾಗಿದ್ದರೆ ಗೋಡೆಯ ಮೇಲೆ ತೆಳ್ಳನೆಯ ಹೊಳಪೊಂದು ಕಾಣುತ್ತದೆ. ಆದರೆ ಕಣ್ಣು ಅದನ್ನು ನೋಡುವಷ್ಟರಲ್ಲಿ ಮಾಲು ಗೋಡೆ ಸೇರಿರುತ್ತದೆ. ಮೊದಲೇ ತಿಳಿಯಬೇಕಾದದ್ದು ಹೆಬ್ಬೆರಳಿಗೆ.

"ಸಹಿ ಹಾಕೋಕೆ ಚೆನ್ನಾಗೇ ಬರುತ್ತೆ, ಆದ್ರೂ ನಾನು ಹೆಬ್ಬೆಟ್ಟಿನ ಗಿರಾಕಿನೇ" ಎಂದು ಗನ್ನಣ್ಣ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದ.

ಪೈಪಿನ ಇನ್ನೊಂದು ತುದಿಯಲ್ಲಿ, ಕುಲುಮೆಯ ಹೊರಗೆ, ತೊಟ್ಟಿಗೆ ಚೀಲ ಸುರಿದು ಮೆಷಿನ್ ನೋಡಿಕೊಳ್ಳುತ್ತಿದ್ದವನು ಅವನ ಹೆಂಡತಿಯ ತಮ್ಮ. ಈ ಭಾವಮೈದ ಹುಟ್ಟು ಮಾತುಗಾರ. ಮಾತೇ ಕೇಳದ ಜಾಗದಲ್ಲಿ ಅವನಿಗೆ ಕೆಲಸ ಸಿಕ್ಕಿದ್ದು ಮನೆಯವರ ಪುಣ್ಯ. ಕಂಪ್ರೆಸರ್ ಶುರುವಾದ ಮೇಲೆ ಕೂಗಿದರೂ ಪ್ರಯೋಜನವಿಲ್ಲ, ಅದಕ್ಕೇ ಇಬ್ಬರೂ ಪೈಪನ್ನು ಎಳೆದು ಮಾತಾಡುತ್ತಿದ್ದರು. ಒಳಗಿನವನು ಒಮ್ಮೆ ಎಳೆದರೆ 'ಇನ್ನಷ್ಟು ಮಾಲು ಬಿಡು' ಎಂದರ್ಥ. ಹೊರಗಿನವನು ಒಮ್ಮೆ ಎಳೆದರೆ 'ತೊಟ್ಟಿ ಖಾಲಿಯಾಗ್ತಿದೆ, ಸ್ವಲ್ಪ ತಡಿ' ಎಂದರ್ಥ. ಯಾರೇ ಎರಡು ಸಲ ಎಳೆದರೂ 'ನಿಲ್ಲಿಸು'. ಈ ಭಾಷೆ ಬೇರೆ ಯಾವ ತಂಡಕ್ಕೂ ಗೊತ್ತಿರಲಿಲ್ಲ. ಇವರಿಬ್ಬರ ಬಗ್ಗೆ ಕಾರ್ಖಾನೆಯಲ್ಲಿ ಏನೇ ಹೇಳಿದರೂ ಅದು ಗಾಳಿಮಾತೇ ಎಂಬ ಜೋಕು ಹಳೆಯದಾಗಿ, ಅದಕ್ಕೆ ನಗುವುದನ್ನೂ ಎಲ್ಲರೂ ಬಿಟ್ಟಿದ್ದರು.

ಹೆಬ್ಬೆರಳು ಮುಷ್ಕರ ಹೂಡಿದ್ದನ್ನು ಮೊದಲು ಕಂಡುಹಿಡಿದವಳು ಹೆಂಡತಿ. ಒಂದು ಬೆಳಿಗ್ಗೆ ಗನ್ನಣ್ಣ ಅಂಗಿಯ ಗುಂಡಿಯ ಜೊತೆ ಕುಸ್ತಿಗೆ ಬಿದ್ದಿದ್ದ.

"ತೂತು ಚಿಕ್ಕದು ಮಾಡಿದ್ದಾನೆ ಟೈಲರ್" ಎಂದ.

"ಹೋದ ತಿಂಗಳು ಅದೇ ತೂತು ದೊಡ್ಡದಾಯ್ತು ಅಂತ ಅವನ ಜೊತೆ ಜಗಳ ಆಡಿ ಬಂದ್ರಿ" ಎಂದು ಅವಳೇ ಗುಂಡಿ ಹಾಕಿದಳು. ನಂತರ ಅವನ ಕೈಯನ್ನು ಬೆಳಕಿಗೆ ಹಿಡಿದಳು. "ರೀ, ಇಲ್ಲಿ ಬೊಬ್ಬೆ ಬಂದಿದೆ. ಯಾವಾಗ ಸುಟ್ಕೊಂಡ್ರಿ?"

ಅವನು ನೋಡಿದ. ಅವನಿಗೂ ಅದು ಹೊಸ ಸುದ್ದಿ. ಕಾಫಿ ಲೋಟ ಇರಬೇಕು, ಸುಟ್ಟದ್ದು ಹೆಬ್ಬೆರಳಿಗೇ ತಿಳಿದಿರಲಿಲ್ಲ.

"ವರ್ಷಗಟ್ಟಲೆ ನಡುಗೋ ನಾಝಲ್ ಹಿಡಿದಿದ್ದೀರಿ. ಡಾಕ್ಟರಿಗೆ ತೋರಿಸಿ."

"ಈ ದೊಡ್ಡ ಕುಲುಮೆ ಒಂದು ಮುಗೀಲಿ. ಆಮೇಲೆ ತೋರಿಸ್ತೀನಿ."

"ನಿಮ್ಮ ಸಾಹೇಬ್ರ ಗಾಳಿ ನಿಮಗೂ ಬೀಸಿದೆ." ಅವರ ಸೂಪರ್‌ವೈಸರ್ ಯಾವುದಕ್ಕೂ 'ಆಮೇಲೆ ನೋಡೋಣ' ಎನ್ನುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಆಮೇಲೆ ಸಾಹೇಬ್ರು.

ಗನ್ನಣ್ಣನ ಭಯ ಡಾಕ್ಟರದ್ದಲ್ಲ, ಸ್ಟೋರ್ ರೂಮಿನದ್ದು. ಅವನಿಗೆ ಕೆಲಸ ಕಲಿಸಿದ ಹಳೆಯ ನಾಝಲ್‌ಗಾರನಿಗೆ ಮೊಣಕಾಲು ಹೋದಾಗ ಕರುಣೆಯಿಂದಲೇ ಅಲ್ಲಿ ಕೂರಿಸಿದ್ದರು. ಕಿಟಕಿಯಿಂದ ಗ್ಲೌಸ್, ಮಾಸ್ಕ್ ಹಂಚುವ ಕೆಲಸ. ಒಂದು ಕಾಲಕ್ಕೆ ಕುಲುಮೆಯೊಳಗೆ ನಿಂತರೆ ಇಡೀ ತಂಡ ಅವನ ಕೈ ನೋಡುತ್ತಿತ್ತು. ಈಗ ಕಿಟಕಿಗೆ ಬಂದವರು ಗ್ಲೌಸ್ ತೆಗೆದುಕೊಂಡು ಮುಖ ನೋಡದೆ ಹೋಗುತ್ತಿದ್ದರು. ಬಾಯಿ ಬಿಟ್ಟರೆ ತನಗೂ ಆ ಕಿಟಕಿಯೇ ಗತಿ ಎಂದು ಗನ್ನಣ್ಣನಿಗೆ ಖಾತ್ರಿಯಾಗಿತ್ತು. ಬಾಯಿ ಬಿಡದೆ ಗೋಡೆ ಕೆಟ್ಟರೆ? ಉರಿಯುವಾಗ ಆ ಜಾಗದಲ್ಲಿ ಅಂಗಿ ಕಳಚಿ, ತಗಡು ಬಾಯಿ ಬಿಡುತ್ತದೆ. ಅದರ ಮುಂದೆ ಮೂರು ಪಾಳಿಯಲ್ಲೂ ಮನುಷ್ಯರು ನಿಂತಿರುತ್ತಾರೆ. ಇಬ್ಬರಲ್ಲಿ ಒಬ್ಬರು ಬಾಯಿ ಬಿಡಲೇಬೇಕಿತ್ತು, ಅವನು ಇಲ್ಲವೇ ಕುಲುಮೆ.

ದೊಡ್ಡ ಕುಲುಮೆಯ ಕೆಲಸ ಶುರುವಾದ ದಿನ ಅವನು ಒಂದು ಉಪಾಯ ಹೂಡಿದ: ಬೆರಳನ್ನು ನಂಬದೆ ಕಣ್ಣನ್ನೇ ನಂಬುವುದು. ಒಳಮೈಯಲ್ಲಿ ಸಿಮೆಂಟು ಕಚ್ಚಿಕೊಳ್ಳಲೆಂದು ಬೆಸೆದ ಕವಲು ಕಂಬಿಗಳು ಮುಳ್ಳಿನಂತೆ ಸಾಲಾಗಿ ನಿಂತಿದ್ದವು. ಕೆಳಗಿನಿಂದ ಶುರುಮಾಡಿ, ನಾಝಲ್ಲನ್ನು ಗೋಡೆಗೆ ನೇರ ಹಿಡಿದು, ಸಣ್ಣ ಸುತ್ತು ತಿರುಗಿಸುತ್ತಾ ಮೇಲೇರಿದ. ಹೊಳಪು ಹೆಚ್ಚಾದರೆ ವಾಲ್ವು ತಿರುಗಿಸುವುದು, ಧೂಳೆದ್ದರೆ ಮತ್ತೆ ತಿರುಗಿಸುವುದು. ಪ್ರತಿಸಲವೂ ಒಂದು ಗಳಿಗೆ ತಡ. ಊಟದ ಹೊತ್ತಿಗೆ ಗೋಡೆ ದೂರದಿಂದ ಚೆನ್ನಾಗಿಯೇ ಕಾಣುತ್ತಿತ್ತು. ಕಾಲ ಬಳಿ ಪುಟಿದು ಬಿದ್ದ ಮಾಲು ಮಾತ್ರ ಮೊಣಕಾಲು ಮುಟ್ಟುತ್ತಿತ್ತು.

ಅದನ್ನು ಹೊರಗೆ ಸಾಗಿಸುವುದು ಭಾವಮೈದನ ಕೆಲಸ. ಒಮ್ಮೆ ಪುಟಿದ ಮಾಲನ್ನು ಮತ್ತೆ ಬಳಸುವ ಹಾಗಿಲ್ಲ. ಸಲಿಕೆ ಹಿಡಿದು ಒಳಗೆ ಬಂದವನು ಗುಡ್ಡೆ ನೋಡಿದ, ಭಾವನನ್ನು ನೋಡಿದ, ಸಲಿಕೆ ತುಂಬತೊಡಗಿದ.

ಕುಲುಮೆಯ ನೆರಳಿನಲ್ಲಿ ಡಬ್ಬಿ ಬಿಚ್ಚಿ ಕೂತಾಗ ಭಾವಮೈದ ಶುರುಮಾಡಿದ. "ಭಾವ, ಇವತ್ತು ಗೋಡೆಗೆ ಹೊಡೆದ್ರಾ, ನೆಲಕ್ಕೆ ಹೊಡೆದ್ರಾ?"

"ನಿನ್ನ ಗಾಳಿ ಏರುಪೇರು."

"ನನ್ನ ಗಾಳಿ ಸರಿಯಾಗೇ ಇದೆ. ಮೀಟರ್ ನೋಡ್ತಾನೇ ಇದ್ದೆ."

"ಹಾಗಾದ್ರೆ ಮಾಲು ಹಳೇದು."

"ಚೀಲ ನಾನೇ ಒಡೆದಿದ್ದು. ಹೊಚ್ಚ ಹೊಸದು." ಅವನು ತನ್ನ ಡಬ್ಬಿಯ ಮುಚ್ಚಳದಲ್ಲಿ ಪಲ್ಯ ಹಾಕಿ ಭಾವನ ಕಡೆ ತಳ್ಳಿದ. "ಅಕ್ಕ ಫೋನ್ ಮಾಡಿದ್ಲು. ಗುಂಡಿ ವಿಷಯ ಹೇಳಿದ್ಲು."

"ಮನೆ ಗುಂಡಿ ವಿಷಯ ಇಲ್ಲಿವರೆಗೂ ಬಂತಾ?"

"ಗುಂಡಿ ಆದ್ರೆ ಪರವಾಗಿಲ್ಲ ಭಾವ, ಅಕ್ಕ ಹಾಕ್ತಾಳೆ. ವಾಲ್ವು ತಿರುಗಿಸೋಕೆ ಅಕ್ಕ ಬರಲ್ಲವಲ್ಲ."

ಗನ್ನಣ್ಣ ಬಹಳ ಹೊತ್ತು ಅಗಿದ. ಅಗಿಯುವಂಥದ್ದೇನೂ ಬಾಯಲ್ಲಿರಲಿಲ್ಲ. ಕೊನೆಗೆ, "ಸ್ಟೋರ್ ರೂಮಿಗೆ ಹಾಕ್ತಾರೆ ಕಣೋ" ಎಂದ. ಪಲ್ಯದ ಮುಚ್ಚಳವನ್ನು ವಾಪಸ್ಸು ತಳ್ಳಿ, "ಬೆಳಿಗ್ಗೆ ಹೊಡೆದಿದ್ದರ ಮೇಲೆ ನನಗೇ ನಂಬಿಕೆ ಇಲ್ಲ" ಎಂದ.

ಡಬ್ಬಿ ಮುಚ್ಚಿ, ಅವನೇ ಎದ್ದು ಆಮೇಲೆ ಸಾಹೇಬ್ರ ಹತ್ತಿರ ಹೋದ. ಬೆರಳಿನ ವಿಷಯ ಹೇಳಿದ, ಬೆಳಗಿನ ಗೋಡೆಯ ವಿಷಯವನ್ನೂ ಹೇಳಿದ. ಸಾಹೇಬ್ರು ಅಭ್ಯಾಸದಂತೆ 'ಆಮೇಲೆ' ಎಂದು ಬಾಯಿ ತೆಗೆದು, ನಿಲ್ಲಿಸಿ, ಸುತ್ತಿಗೆ ಹಿಡಿದು ಒಳಗೆ ನಡೆದರು. ಗೋಡೆ ತಟ್ಟುತ್ತಾ ಹೋದರು. ಗಟ್ಟಿ ಸದ್ದು, ಗಟ್ಟಿ ಸದ್ದು, ಒಂದು ಕಡೆ ಪೊಳ್ಳು.

"ಈ ಭಾಗ ಕಿತ್ತು ಮತ್ತೆ ಹೊಡೀಬೇಕು. ಬೇಗ ಹೇಳಿದ್ರಿ, ಒಳ್ಳೇದಾಯ್ತು" ಎಂದರು. "ಬೇರೆ ನಾಝಲ್‌ಗಾರ ಸಿಗೋಕೆ ವಾರ ಆಗುತ್ತೆ. ಈಗ ಹಿಡಿಯೋರು ಯಾರು?"

ಗನ್ನಣ್ಣ ಭಾವಮೈದನ ಕಡೆ ಗದ್ದ ತೋರಿಸಿದ. "ನನ್ನ ಕೈ ಮಾಡಿದ್ದೆಲ್ಲ ಅವನಿಗೆ ಗೊತ್ತು. ಮಧ್ಯಮಧ್ಯ ಹಿಡಿದು ಅಭ್ಯಾಸಾನೂ ಇದೆ, ಪರೀಕ್ಷೆನೂ ಪಾಸಾಗಿದ್ದಾನೆ. ನಾನೇ ಬಿಟ್ಟುಕೊಡ್ತಿರಲಿಲ್ಲ." ಕೊನೆಯ ಮಾತು ಹೇಳುವಾಗ ಅವನು ಕುಲುಮೆಯ ಬಾಗಿಲಿನ ಬೋಲ್ಟುಗಳನ್ನು ನೋಡುತ್ತಿದ್ದ. "ಮೆಷಿನ್ ನಾನು ನೋಡ್ಕೋತೀನಿ. ಅದಕ್ಕೆ ಹೆಬ್ಬೆರಳು ಬೇಕಾಗಿಲ್ಲ."

"ಸರಿ, ಇವತ್ತಿಗೆ ನೋಡೋಣ. ಮುಂದಿನದು..." ಎಂದರು ಸಾಹೇಬ್ರು. 'ಆಮೇಲೆ' ಎನ್ನುವುದನ್ನು ಎಲ್ಲರೂ ಮನಸ್ಸಿನಲ್ಲೇ ಸೇರಿಸಿಕೊಂಡರು.

ಪೊಳ್ಳು ಭಾಗವನ್ನು ತಗಡಿನವರೆಗೆ ಕಿತ್ತು, ಕಂಬಿಗಳನ್ನು ಉಜ್ಜಿ, ತುದಿ ಬದಲಾಯಿಸಿಕೊಂಡು ಇಬ್ಬರೂ ನಿಂತರು. ಶುರುವೇನೋ ಚೆನ್ನಾಗಿತ್ತು. ಗನ್ನಣ್ಣ ತೊಟ್ಟಿಗೆ ಚೀಲ ಸುರಿಯುತ್ತಾ, ಪೈಪನ್ನು ಕಂಕುಳಲ್ಲಿ ಒತ್ತಿಕೊಂಡು, ಒಳಗೆ ಕೈ ಹೇಗೆ ತಿರುಗುತ್ತಿದೆ ಎಂದು ಅದರ ಅಲುಗಾಟದಲ್ಲೇ ಲೆಕ್ಕ ಹಾಕುತ್ತಿದ್ದ. ಪರವಾಗಿಲ್ಲ, ಹುಡುಗ ಕಲಿತಿದ್ದಾನೆ ಅನ್ನಿಸಿತು. ಹುಡುಗನಿಗೆ ಮಂಡೆಯ ಮೇಲೆ ಕೂದಲು ಉಳಿದಿರಲಿಲ್ಲ, ಅದು ಬೇರೆ ಮಾತು.

ಆಗ ಪೈಪು ಒಮ್ಮೆ ಎಳೆಯಿತು.

ಗನ್ನಣ್ಣನ ಬಲಗೈ ತಾನಾಗಿಯೇ ಹೋಗಿ ಮಾಲು ನಿಲ್ಲಿಸಿತು. ಒಳಗೆ ನಿಂತಿದ್ದ ಅಷ್ಟು ವರ್ಷ ಪೈಪು ಒಮ್ಮೆ ಎಳೆದಾಗಲೆಲ್ಲ ಅವನ ಪಾಲಿಗೆ ಅದರ ಅರ್ಥ ಒಂದೇ: ತೊಟ್ಟಿ ಖಾಲಿ, ಸ್ವಲ್ಪ ತಡಿ. ಅವನು ತಡೆದು ನಿಂತ. ತುಂಬಿದ ತೊಟ್ಟಿಯ ಪಕ್ಕದಲ್ಲೇ ನಿಂತು, ತೊಟ್ಟಿ ತುಂಬಲಿ ಎಂದು ಶಾಂತವಾಗಿ ಕಾದ. ಒಳಗೆ 'ಇನ್ನಷ್ಟು ಮಾಲು' ಕೇಳಿದ್ದ ಭಾವಮೈದನಿಗೆ ಬಂದದ್ದು ಬರೀ ಗಾಳಿ, ಬರೀ ನೀರು. ಭಾವನಿಗೆ ಕೇಳಲಿಲ್ಲವೇನೋ ಎಂದು ಅವನು ಮತ್ತೆ ಒಮ್ಮೆ ಎಳೆದ. ಇನ್ನೂ ತಡಿ ಅಂತಿದ್ದಾನೆ, ಆಯ್ತಪ್ಪ ಎಂದುಕೊಂಡು ಗನ್ನಣ್ಣ ಕೈ ಕಟ್ಟಿದ. ಅಷ್ಟರಲ್ಲಿ ನೀರು ಕುಡಿದ ಹಸಿ ಗೋಡೆ ಹೊಟ್ಟೆ ಬಿಟ್ಟು, ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಕಂಬಿಗಳನ್ನು ಬೆತ್ತಲೆ ಮಾಡಿ ಭಾವಮೈದನ ಬೂಟಿನ ಮೇಲೆ ಬಂದು ಕೂತಿತು.

ಎರಡು ಎಳೆತ. ಎಲ್ಲವೂ ನಿಂತಿತು.

ಭಾವಮೈದ ಮಾಸ್ಕ್ ಕಿತ್ತುಕೊಂಡು ಹೊರಗೆ ಬಂದ. ಕಣ್ಣು ಬಿಟ್ಟರೆ ಮೈಯೆಲ್ಲ ಬೂದು. "ಭಾವ, ಮಾಲು ಕೇಳಿದ್ರೆ ತೀರ್ಥ ಕೊಡ್ತೀರಲ್ಲ."

"ನೀನೇ ತಾನೇ ತಡಿ ಅಂದಿದ್ದು? ಅದೂ ಎರಡೆರಡು ಸಲ."

"ನಾನು ಒಳಗಿದ್ದೀನಿ. ಒಳಗಿಂದ ಒಂದು ಅಂದ್ರೆ ಮಾಲು. ಆ ಭಾಷೆ ಕಟ್ಟಿದ್ದೇ ನೀವು."

ಗನ್ನಣ್ಣ ತುಂಬಿದ ತೊಟ್ಟಿಯನ್ನು ನೋಡಿದ. ತಾನು ಎಲ್ಲಿ ನಿಂತಿದ್ದೇನೆ ಎಂದು ಆಗ ಹೊಳೆಯಿತು. ಸದ್ದು ನಿಂತಿದ್ದಕ್ಕೆ ಸಾಹೇಬ್ರು ಓಡಿಬಂದು ಏನಾಯಿತೆಂದು ಕೇಳಿದರೆ, ಇಬ್ಬರೂ ಪೈಪಿಗೆ ಒರಗಿಕೊಂಡು ನಗುತ್ತಿದ್ದರು, ಉತ್ತರ ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಹಾಗೆ ನಕ್ಕು ಎಷ್ಟೋ ದಿನವಾಗಿತ್ತು. ನಗು ಇಳಿದ ಮೇಲೆ ಗನ್ನಣ್ಣನೇ, "ತಪ್ಪು ನನ್ನದು ಸಾರ್. ಮೈ ಈ ಕಡೆ ಬಂತು, ಕೈ ಇನ್ನೂ ಆ ಕಡೇನೇ ಇತ್ತು" ಎಂದ.

ಜಾರಿದ್ದನ್ನೆಲ್ಲ ಕೆರೆದು, ಅಂಚನ್ನು ಚೌಕವಾಗಿ ಕತ್ತರಿಸಿ, ಹೊಸ ಭಾಷೆ ಮಾಡಿಕೊಂಡರು. ಹೊರಗಿನವನು ಇನ್ನು ಎಳೆಯುವ ಹಾಗೇ ಇಲ್ಲ, ಪೈಪನ್ನು ಸುತ್ತಿಗೆಯ ಹಿಡಿಯಿಂದ ತಟ್ಟಬೇಕು. ಎಳೆತ ಬಂದರೆ ಅದು ಒಳಗಿನದೇ. ಮತ್ತೆ ಶುರುವಾಯಿತು. ಪೈಪು ಒಮ್ಮೆ ಎಳೆದಾಗ ಗನ್ನಣ್ಣ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಒಂದು ಕ್ಷಣ ಯೋಚಿಸಿ, ಮಾಲು ಹೆಚ್ಚಿಸಿದ. ಮೂರನೆಯ ಸಲ ಹಿಡಿದುಕೊಳ್ಳಬೇಕಾಗಲಿಲ್ಲ. ಅಷ್ಟರಲ್ಲಿ ಅವನಿಗೆ ಇನ್ನೊಂದು ತಿಳಿದಿತ್ತು: ಎಳೆತ ಬರುವುದಕ್ಕೆ ಸ್ವಲ್ಪ ಮೊದಲೇ ಪೈಪಿನ ನಡುಕ ತೆಳುವಾಗುತ್ತದೆ. ನಾಝಲ್ ಹಿಡಿದವನಿಗೆ ಮಾಲು ಯಾವಾಗ ಸಾಲದು ಎನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಂಜೆಯ ಹೊತ್ತಿಗೆ ಕೇಳುವ ಮೊದಲೇ ಮಾಲು ಹೋಗುತ್ತಿತ್ತು. ಪೈಪು ಹೆಚ್ಚುಕಡಿಮೆ ಮಾತೇ ನಿಲ್ಲಿಸಿತ್ತು.

ಕೆಲಸ ಮುಗಿದಾಗ ಕಾಲ ಬಳಿಯ ಗುಡ್ಡೆ ಪಾದ ಮುಚ್ಚುವಷ್ಟೂ ಇರಲಿಲ್ಲ. ಗನ್ನಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡು ಬಾತ್‌ರೂಮಿನ ಕಡೆ ನಡೆದ. ಧೂಳು ತಿಂದ ನಾಝಲ್‌ಗಾರನೇ ಮೊದಲು ಸ್ನಾನ ಮಾಡುವುದು ರೂಢಿ. ಅರ್ಧ ದಾರಿಯಲ್ಲಿ ನೆನಪಾಗಿ ವಾಪಸ್ಸು ಬಂದರೆ, ಬೂದು ಮೈಯ ಭಾವಮೈದ ತನ್ನ ರೂಢಿಯಂತೆ ತೊಟ್ಟಿಯೊಳಗೆ ಅರ್ಧ ಇಳಿದು ಕೆರೆಯುತ್ತಿದ್ದ.

"ಎದ್ದೇಳೋ. ಅದು ನನ್ನ ಕೆಲಸ."

"ಅರ್ಧ ಆಯ್ತಲ್ಲ ಭಾವ."

"ಇನ್ನರ್ಧ ನನ್ನದು. ಹೋಗು, ಬಿಸಿನೀರು ಮುಗಿದುಹೋಗುತ್ತೆ."

ಅವನು ಹೋದ. ಗನ್ನಣ್ಣ ಕೆರೆಯುವ ತಗಡನ್ನು ಅಂಗೈಯಲ್ಲಿ ಹಿಡಿದು ತೊಟ್ಟಿಯ ಮೂಲೆಗಳನ್ನು ಬಿಡಿಸತೊಡಗಿದ. ಇಷ್ಟು ವರ್ಷ ಈ ಮೂಲೆಗಳು ಇರುವುದೇ ಅವನಿಗೆ ಗೊತ್ತಿರಲಿಲ್ಲ.

ಡಾಕ್ಟರ್ ಬೆರಳು ನೋಡಿ, ನಡುಗುವುದನ್ನು ಇನ್ನು ಹಿಡಿಯಬೇಡಿ, ಪೂರ್ತಿ ವಾಸಿಯಾಗುತ್ತೆ ಅಂತ ಹೇಳಲಾರೆ ಎಂದರು. ಅಷ್ಟರಲ್ಲಿ ಗೋಡೆ ಗಟ್ಟಿಯಾಗಿ, ಕುಲುಮೆಗೆ ಸಣ್ಣ ಉರಿ ಇಟ್ಟು, ದಿನದಿನಕ್ಕೆ ಒಂದಿಷ್ಟು ಏರಿಸುತ್ತಾ ಒಳಗಿನ ನೀರನ್ನೆಲ್ಲ ಆವಿ ಮಾಡಿ ಕಳಿಸಿಯಾಗಿತ್ತು. ಉರಿ ಪೂರ್ತಿ ಏರಿದ ದಿನ ಆಮೇಲೆ ಸಾಹೇಬ್ರು ಶಾಖ ಅಳೆಯುವ ಯಂತ್ರ ಹಿಡಿದು ತಗಡಿನ ಸುತ್ತ ಒಂದು ಸುತ್ತು ಬಂದರು. ಎಲ್ಲೂ ಹೆಚ್ಚುಕಡಿಮೆ ಇರಲಿಲ್ಲ.

"ಮುಂದಿನ ಕುಲುಮೆಗೂ ಹೀಗೇ ನಿಂತ್ಕೊಳ್ಳಿ. ಅವನು ಒಳಗೆ, ನೀವು ಹೊರಗೆ" ಎಂದರು. ಈ ಸಲ ಆಮೇಲೆ ಅನ್ನಲಿಲ್ಲ.

ಅವರು ಹೋದ ಮೇಲೆ ಗನ್ನಣ್ಣ ಕಿತ್ತು ಹೊಡೆದ ಭಾಗದ ಹೊರಮೈಯ ಹತ್ತಿರ ಬಂದ. ಯಂತ್ರ ಹೇಳಿಯಾಗಿತ್ತು, ಆದರೂ ಗ್ಲೌಸ್ ತೆಗೆದು ಮೆಲ್ಲನೆ ಅಂಗೈ ಇಟ್ಟ. ತಗಡು ಬಿಸಿಲಿಗೆ ಇಟ್ಟ ತಟ್ಟೆಯಷ್ಟು ಬೆಚ್ಚಗಿತ್ತು. ನಾಲ್ಕು ಬೆರಳು ಒಪ್ಪಿಗೆ ಕೊಟ್ಟವು. ಹೆಬ್ಬೆರಳು ತಟಸ್ಥವಾಗಿ ಉಳಿಯಿತು. ಬಹುಮತ ಸಾಕು ಎಂದುಕೊಂಡು ಅವನು ಕೈ ತೆಗೆದ.